ಇಕೆಬಾನಾ: ಎರಡು ರೆಂಬೆ, ಮೂರು ಹೂವು, ಮುಕ್ಕಾಲು ಗಂಟೆಯ ಮೌನ

ಜಪಾನಿನ ಹೂಜೋಡಣೆಯಾದ ಇಕೆಬಾನಾ ಕಲಿಯಬೇಕೆಂದು ಬರೆಯುವ ಓದುಗರು ಮತ್ತೆ ಮತ್ತೆ ಕೇಳುವುದು ಮೂರೇ ಪ್ರಶ್ನೆ. ಇದಕ್ಕೆ ಜಪಾನಿನ ಹೂಗಳೇ ಬೇಕೇ? ಗುರುಗಳಿಲ್ಲದೆ ಮನೆಯಲ್ಲೇ ಆರಂಭಿಸಬಹುದೇ? ಹೂ ಜೋಡಿಸಿದರೆ ಮನಸ್ಸು ಶಾಂತವಾಗುತ್ತದೆ ಎನ್ನುತ್ತಾರಲ್ಲ, ಅದು ಹೇಗೆ? ಮೊದಲ ಎರಡಕ್ಕೆ ಉತ್ತರ ಸುಲಭ. ನಿಮ್ಮ ಊರಿನಲ್ಲಿ ಆಯಾ ಋತುವಿನಲ್ಲಿ ಬೆಳೆಯುವ ಹೂವು, ರೆಂಬೆಗಳೇ ಸಾಕು. ಮೊದಲ ಹೆಜ್ಜೆಗಳನ್ನು ಮನೆಯಲ್ಲಿಯೇ ಇಡಬಹುದು. ಮೂರನೆಯದರ ಉತ್ತರ ಕೆಳಗಿನ ಹಂತಗಳಲ್ಲಿಯೇ ಇದೆ. ಒಂದು ರೆಂಬೆಯ ಮೇಲೆ ಕತ್ತರಿ ಹಾಕುವ ಮೊದಲು ಅದನ್ನು ನೋಡುತ್ತ ಕೂರುವ ಆ ಎರಡು ಮೂರು ನಿಮಿಷಗಳಲ್ಲಿ ಮನಸ್ಸು ತಾನಾಗಿ ನಿಧಾನವಾಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಇನ್ನೊಂದು ಮಾತನ್ನೂ ಸ್ಪಷ್ಟವಾಗಿ ಹೇಳಬೇಕು: ಇದು ಚಿಕಿತ್ಸೆಯಲ್ಲ. ಖಿನ್ನತೆಗೋ ನಿದ್ರಾಹೀನತೆಗೋ ವೈದ್ಯರ ನೆರವು ಬೇಕಾದವರು ಅದನ್ನು ಪಡೆಯಲೇಬೇಕು. ಹೂಜೋಡಣೆ ಅದರ ಜೊತೆಗಿರಲಿ.

ಹೆಸರಿನಿಂದಲೇ ಆರಂಭಿಸೋಣ. ಜಪಾನೀ ಭಾಷೆಯಲ್ಲಿ ‘ಹಾನಾ’ ಎಂದರೆ ಹೂವು, ‘ಇಕೇರು’ ಎಂದರೆ ಜೀವಂತವಾಗಿರುವಂತೆ ಇರಿಸುವುದು. ಭಾರತದಿಂದ ಹೊರಟ ಬೌದ್ಧಧರ್ಮವು ಚೀನಾ ಮತ್ತು ಕೊರಿಯಾಗಳನ್ನು ಹಾದು 6ನೆಯ ಶತಮಾನದಲ್ಲಿ ಜಪಾನನ್ನು ತಲುಪಿದಾಗ ಬುದ್ಧನ ಮುಂದೆ ಹೂವಿಡುವ ಪದ್ಧತಿಯೂ ಅದರೊಡನೆ ಹೋಯಿತು. ಇಕೆಬಾನಾದ ಬೇರು ಅಲ್ಲಿದೆ. ಕ್ಯೋಟೋ ನಗರದ ರೊಕ್ಕಾಕುದೋ ದೇವಾಲಯದ ಅರ್ಚಕರು ಅಲ್ಲಿನ ಕೊಳದ ಪಕ್ಕದ ಕುಟೀರದಲ್ಲಿ ವಾಸವಾಗಿದ್ದುದರಿಂದ ಅವರ ಪರಂಪರೆಗೆ ‘ಇಕೆನೊಬೋ’, ಅಂದರೆ ಕೊಳದ ಬಳಿಯ ಕುಟೀರ, ಎಂಬ ಹೆಸರು ಬಂದಿತು. ಆ ಪರಂಪರೆಯ ಸೆನ್‌ಕೆಯ್ ಎಂಬ ಸನ್ಯಾಸಿ ಜೋಡಿಸಿದ ಹೂಗಳನ್ನು ನೋಡಲು ಕ್ಯೋಟೋದ ಜನ ಬರುತ್ತಿದ್ದರೆಂದು 1462ರ ಒಂದು ದಿನಚರಿಯಲ್ಲಿ ದಾಖಲಾಗಿದೆ. ಆಗಿನ ಜೋಡಣೆಗಳು ಎತ್ತರದ ಹೂದಾನಿಗಳಲ್ಲಿ ಇರುತ್ತಿದ್ದವು. ಅಗಲವಾದ, ಆಳವಿಲ್ಲದ ಬೋಗುಣಿಯಲ್ಲಿ ಹೂವಿಡುವ ‘ಮೋರಿಬಾನಾ’ ಶೈಲಿಯನ್ನು ಓಹಾರಾ ಉನ್‌ಶಿನ್ ಎಂಬವರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ರೂಪಿಸಿದರು. 1927ರಲ್ಲಿ ಸೋಫು ತೆಶಿಗಾಹಾರಾ ಅವರು ಸೋಗೆತ್ಸು ಪಂಥವನ್ನು ಸ್ಥಾಪಿಸಿದರು. ಈ ಲೇಖನದಲ್ಲಿ ನಾನು ವಿವರಿಸುತ್ತಿರುವುದು ಸೋಗೆತ್ಸು ಪಂಥದವರು ಹೊಸಬರಿಗೆ ಮೊದಲು ಕಲಿಸುವ, ನೇರವಾಗಿ ನಿಲ್ಲುವ ಮೋರಿಬಾನಾ ವಿನ್ಯಾಸವನ್ನು. ಅದನ್ನೇ ಆರಿಸಿಕೊಂಡಿರುವುದಕ್ಕೆ ಕಾರಣ, ಅದರಲ್ಲಿ ಉದ್ದಕ್ಕೂ ಕೋನಕ್ಕೂ ಖಚಿತವಾದ ಅಳತೆಗಳಿವೆ. ಅಳತೆ ಗೊತ್ತಿದ್ದಾಗ ‘ಚೆನ್ನಾಗಿ ಕಾಣುತ್ತದೆಯೋ ಇಲ್ಲವೋ’ ಎಂಬ ಆತಂಕ ಕಡಿಮೆಯಾಗಿ, ಕಣ್ಣು ರೆಂಬೆಯ ಮೇಲೆ ನಿಲ್ಲುತ್ತದೆ.

ಬೇಕಾಗುವ ವಸ್ತುಗಳು

ಮುಖ್ಯವಾದದ್ದು ರೆಂಬೆ, ದಂಟುಗಳನ್ನು ಚುಚ್ಚಿ ನಿಲ್ಲಿಸುವ ‘ಕೆನ್‌ಜಾನ್’. ಸೀಸದ ಭಾರವಾದ ಬಿಲ್ಲೆಯ ಮೇಲೆ ಹಿತ್ತಾಳೆಯ ಮೊಳೆಗಳನ್ನು ಒತ್ತೊತ್ತಾಗಿ ನಿಲ್ಲಿಸಿರುವ ಈ ಸಾಧನಕ್ಕೆ ‘ಕತ್ತಿಗಳ ಬೆಟ್ಟ’ ಎಂಬ ಅರ್ಥದ ಹೆಸರು ಒಪ್ಪುವಂತಿದೆ. ಅಂತರ್ಜಾಲದ ಮಳಿಗೆಗಳಲ್ಲಿ ಸಿಗುತ್ತದೆ. ಆರಂಭಿಸುವವರಿಗೆ 7ರಿಂದ 8 ಸೆಂಟಿಮೀಟರ್ ಅಗಲದ, ಕೈಗೆ ಭಾರವೆನಿಸುವ ದುಂಡನೆಯ ಕೆನ್‌ಜಾನ್ ಸಾಕು. ಹಗುರವಾದದ್ದನ್ನು ಕೊಂಡರೆ ಮೊದಲ ರೆಂಬೆಯನ್ನು ಓರೆ ಮಾಡಿದ ಕೂಡಲೇ ಅದು ಮಗುಚುತ್ತದೆ. ಖರ್ಚು ಮಾಡುವುದಾದರೆ ಇದಕ್ಕೇ ಮಾಡಿ. ಉಳಿದುದೆಲ್ಲ ಮನೆಯಲ್ಲಿರುವುದರಲ್ಲಿ ನಡೆಯುತ್ತದೆ.

‘ಸುಯಿಬಾನ್’ ಎಂದರೆ ಆಳವಿಲ್ಲದ ಅಗಲ ಬೋಗುಣಿ. 25 ಸೆಂಟಿಮೀಟರ್ ಆಸುಪಾಸಿನ ಅಗಲ, 5ರಿಂದ 6 ಸೆಂಟಿಮೀಟರ್ ಎತ್ತರ ಇರುವ, ಚಿತ್ತಾರವಿಲ್ಲದ ಪಿಂಗಾಣಿ ಪಾತ್ರೆ ಒಳ್ಳೆಯದು. ಕೆನ್‌ಜಾನ್ ಸೀಸದ್ದಾದ್ದರಿಂದ ಒಮ್ಮೆ ಇದಕ್ಕೆ ಬಳಸಿದ ಪಾತ್ರೆಯನ್ನು ಮತ್ತೆ ಅಡುಗೆಗೋ ಊಟಕ್ಕೋ ಬಳಸಬೇಡಿ. ಕೆಲಸ ಮುಗಿದ ಮೇಲೆ ಕೈ ತೊಳೆದುಕೊಳ್ಳಿ, ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಇವುಗಳ ಜೊತೆಗೆ ಗಿಡ ಕತ್ತರಿಸುವ ಹರಿತವಾದ ಕತ್ತರಿ, ನೀರು ತುಂಬಿದ ಬಕೆಟ್, ಅಳೆಯಲು ಟೇಪು, ಕಸಕ್ಕೆ ಹಳೆಯ ದಿನಪತ್ರಿಕೆ ಇರಲಿ. ಬೊಕೆ ಅಂಗಡಿಯವರು ಬಳಸುವ ಹಸಿರು ಸ್ಪಂಜನ್ನು ತರಬೇಡಿ. ಅದು ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್. ಅಲ್ಲದೆ ಮೋರಿಬಾನಾದಲ್ಲಿ ಕಾಣಬೇಕಾದ ತಿಳಿನೀರನ್ನು ಅದು ಮುಚ್ಚಿಬಿಡುತ್ತದೆ.

ಹೂವಿನ ವಿಷಯದಲ್ಲಿ ನಮ್ಮ ಕಡೆಯ ಓದುಗರಿಗೆ ಒಂದು ವಿಶೇಷ ತೊಡಕಿದೆ. ನಮ್ಮ ಮಾರುಕಟ್ಟೆಯಲ್ಲಿ ಹೂವು ಮೊಳದ ಲೆಕ್ಕದಲ್ಲಿ, ಮಾರಿನ ಲೆಕ್ಕದಲ್ಲಿ, ಬಿಡಿ ಹೂವಾದರೆ ತೂಕದ ಲೆಕ್ಕದಲ್ಲಿ ಸಿಗುತ್ತದೆ. ದಂಟು ಹೊಲದಲ್ಲೇ ಉಳಿದಿರುತ್ತದೆ. ದೇವರಿಗೆ ಏರಿಸಲು, ಮುಡಿಯಲು, ಮಾಲೆ ಕಟ್ಟಲು ದಂಟು ಬೇಕಿಲ್ಲ, ನಿಜ. ಆದರೆ ಇಕೆಬಾನಾದಲ್ಲಿ ದಂಟು, ಎಲೆ, ಗೆಣ್ಣು ಇವೆಲ್ಲಕ್ಕೂ ಹೂವಿನಷ್ಟೇ ಬೆಲೆ ಇದೆ. ಆದ್ದರಿಂದ ಬೊಕೆ ಅಂಗಡಿಯಲ್ಲಿ ಕಡ್ಡಿಸಮೇತ ಸಿಗುವ ಸೇವಂತಿಗೆ, ಗ್ಲಾಡಿಯೋಲಸ್, ಆಂಥೂರಿಯಂ, ಸುಗಂಧರಾಜ ಇಂಥವನ್ನು ಕೇಳಿ ತನ್ನಿ. ಸೇವಂತಿಗೆ ನಮಗೆ ಎಷ್ಟು ಹತ್ತಿರವೋ ಜಪಾನೀಯರಿಗೂ ಅಷ್ಟೇ ಹತ್ತಿರ. ಅವರ ಚಕ್ರವರ್ತಿಯ ಮುದ್ರೆಯೇ 16 ಎಸಳಿನ ಸೇವಂತಿಗೆ. ರೆಂಬೆಗೆ ಹಿತ್ತಲಿನ ದಾಳಿಂಬೆ, ಸೀಬೆ, ಮಾವು, ಕಾಫಿ ಯಾವುದಾದರೂ ಆದೀತು. ಸಹಜವಾಗಿ ಬಾಗಿದ, ಗಾಳಿ ಬಿಸಿಲಿಗೆ ತಿರುಚಿಕೊಂಡ ರೆಂಬೆಯನ್ನು ಹುಡುಕಿ, ಕೋಲಿನಂತೆ ನೆಟ್ಟಗಿರುವುದನ್ನು ಬಿಡಿ. ಸಾರ್ವಜನಿಕ ಉದ್ಯಾನದ ಗಿಡಗಳಿಗೆ ಕತ್ತರಿ ಹಾಕಬೇಡಿ.

ಮೊದಲ ಸಲಕ್ಕೆ ಕೆಲವನ್ನು ದೂರವಿಡಿ. ದಾಸವಾಳ ಒಂದೇ ದಿನಕ್ಕೆ ಮುದುಡುತ್ತದೆ. ಕಣಗಿಲೆಯ ಎಲೆ, ದಂಟು, ಹೂವು ಎಲ್ಲವೂ ವಿಷ. ಮಕ್ಕಳು ಅಥವಾ ಸಾಕುಪ್ರಾಣಿಗಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ದೇವಕಣಗಿಲೆಯಂತೆ ಮುರಿದಲ್ಲಿ ಹಾಲು ಸುರಿಸುವ ಗಿಡಗಳು ನೀರನ್ನು ಕೆಡಿಸುತ್ತವೆ, ಕೆಲವರಿಗೆ ಚರ್ಮ ಉರಿಯುವುದೂ ಉಂಟು.

ಒಂದು ಜೋಡಣೆಗೆ ಎರಡು ರೆಂಬೆ, ಮೂರು ಹೂವು, ಕೊನೆಗೆ ಬೇಕಾದೀತೆಂದು ಎಲೆಗಳಿರುವ ಒಂದೆರಡು ಕಿರು ಕಡ್ಡಿ ಸಾಕು. ಹೆಚ್ಚು ತಂದರೆ ಎಲ್ಲವನ್ನೂ ತುರುಕುವ ಆಸೆಯಾಗುತ್ತದೆ.

ಹಂತ 1: ಜಾಗ ಮತ್ತು ಹೊತ್ತು

ಮುಕ್ಕಾಲು ಗಂಟೆ ಯಾರೂ ಕರೆಯದ ಹೊತ್ತನ್ನು ಆರಿಸಿಕೊಳ್ಳಿ. ಫೋನನ್ನು ಬೇರೆ ಕೋಣೆಯಲ್ಲಿಡಿ; ಫೋಟೊ ತೆಗೆಯುವ ಉದ್ದೇಶವಿದ್ದರೂ ಅದು ಕೊನೆಗೆ ಆಗಲಿ. ಬೋಗುಣಿ ನಿಮ್ಮ ಎದೆಯ ನೇರಕ್ಕೆ, ತೋಳಳತೆಯ ದೂರದಲ್ಲಿರಲಿ. ಅದರ ಹಿಂದೆ ಖಾಲಿ ಗೋಡೆ ಇದ್ದರೆ ಉತ್ತಮ. ಹಿಂದೆ ಪುಸ್ತಕದ ಕಪಾಟೋ ಟಿವಿಯೋ ಇದ್ದರೆ ರೆಂಬೆಯ ಗೆರೆ ಕಾಣುವುದಿಲ್ಲ.

ಹಂತ 2: ನೀರಿನೊಳಗೆ ಕತ್ತರಿಸುವುದು

ಇದಕ್ಕೆ ‘ಮಿಜುಕಿರಿ’ ಎನ್ನುತ್ತಾರೆ. ‘ಮಿಜು’ ಎಂದರೆ ನೀರು, ‘ಕಿರಿ’ ಎಂದರೆ ಕತ್ತರಿಸುವುದು. ತಂದ ಹೂವು ರೆಂಬೆಗಳ ಬುಡವನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿ, ನೀರಿನ ಒಳಗೇ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ತೆಗೆಯಬೇಕು. ಗಿಡದಿಂದ ಬೇರ್ಪಟ್ಟ ದಂಟು ಒಣಗುತ್ತಿದ್ದಂತೆ ಅದರ ನೀರಿನ ನಾಳಗಳೊಳಗೆ ಗಾಳಿ ಸೇರಿಕೊಂಡು, ಬಳಿಕ ನೀರಿನಲ್ಲಿಟ್ಟರೂ ನೀರು ಮೇಲೇರದಂತೆ ತಡೆಯುತ್ತದೆ. ಗಾಳಿ ಹಿಡಿದ ಆ ತುದಿಯನ್ನು ನೀರಿನೊಳಗೆ ತೆಗೆದುಹಾಕಿದರೆ ನಾಳಕ್ಕೆ ಗಾಳಿಯ ಬದಲು ನೀರೇ ನುಗ್ಗುತ್ತದೆ. ಬಾಡಿದಂತಿದ್ದ ಹೂವು ಅರ್ಧ ಗಂಟೆಯಲ್ಲಿ ತಲೆ ಎತ್ತುವುದನ್ನು ನೀವೇ ನೋಡುವಿರಿ.

ಸೇವಂತಿಗೆಗೆ ಮಾತ್ರ ಕತ್ತರಿ ಬಳಸದೆ, ನೀರಿನೊಳಗೆ ದಂಟನ್ನು ಕೈಯಿಂದಲೇ ಪಟ್ಟನೆ ಮುರಿಯುವುದು ಜಪಾನಿನ ಹಳೆಯ ರೂಢಿ. ಮುರಿದ ತುದಿ ನಾರುನಾರಾಗಿ ಬಿಚ್ಚಿಕೊಳ್ಳುವುದರಿಂದ ನೀರು ಹೀರುವ ಜಾಗ ಹೆಚ್ಚುತ್ತದೆ. ಗಟ್ಟಿ ರೆಂಬೆಯಾದರೆ ಬುಡವನ್ನು ಓರೆಯಾಗಿ ಕತ್ತರಿಸಿ, ಮಧ್ಯದಲ್ಲಿ ಒಂದು ಸೆಂಟಿಮೀಟರಿನಷ್ಟು ಸೀಳಿ. ಬಳಿಕ ಎಲ್ಲವನ್ನೂ ನೆರಳಿನಲ್ಲಿ, ಬಕೆಟ್ಟಿನ ನೀರಿನಲ್ಲೇ ಕನಿಷ್ಠ ಅರ್ಧ ಗಂಟೆ ಬಿಡಿ. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ, ‘ಮರುದಿನವೇ ಬಾಡಿತು’ ಎಂದು ಬರೆಯುವವರಲ್ಲಿ ಬಹುಪಾಲು ಜನ ತಪ್ಪಿರುವುದೂ ಇಲ್ಲಿಯೇ.

ಹಂತ 3: ರೆಂಬೆಯನ್ನು ನೋಡುವುದು

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಒಂದು ರೆಂಬೆಯನ್ನು ಕೈಗೆತ್ತಿಕೊಂಡು ತೋಳನ್ನು ಮುಂದೆ ಚಾಚಿ ಹಿಡಿಯಿರಿ. ಬೆರಳುಗಳ ನಡುವೆ ಅದನ್ನು ಬಹಳ ನಿಧಾನವಾಗಿ ತಿರುಗಿಸಿ. ಪ್ರತಿ ರೆಂಬೆಗೂ ಮುಖ ಒಂದಿದೆ, ಬೆನ್ನು ಒಂದಿದೆ. ಗಿಡದಲ್ಲಿದ್ದಾಗ ಬಿಸಿಲಿಗೆ ತೆರೆದುಕೊಂಡಿದ್ದ ಕಡೆ ಎಲೆಗಳ ಬಣ್ಣ ಗಾಢವಾಗಿದ್ದು ಮಿನುಗುತ್ತದೆ. ನೆರಳಿನ ಕಡೆ ಎಲೆಯ ನರಗಳು ಎದ್ದು ಕಾಣುತ್ತವೆ, ಬಣ್ಣ ಮಾಸಲಾಗಿರುತ್ತದೆ. ಬಿಸಿಲಿನ ಮುಖ ನೋಡುವವರ ಕಡೆಗೂ ಮೇಲಕ್ಕೂ ಇರುವಂತೆ ಹಿಡಿದಾಗ ರೆಂಬೆ ಗಿಡದಲ್ಲಿದ್ದಂತೆಯೇ ಕಾಣುತ್ತದೆ.

ದಾಳಿಂಬೆಯ ಒಂದು ರೆಂಬೆಯನ್ನೇ ತೆಗೆದುಕೊಳ್ಳೋಣ. ಮೊದಲ ನೋಟಕ್ಕೆ ಅದು ಸಣ್ಣ ಎಲೆಗಳ ಒಂದು ಹಸಿರು ಗೊಂಚಲು, ಅಷ್ಟೇ. ತಿರುಗಿಸುತ್ತ ಹೋದಂತೆ ಬುಡದಿಂದ ಹೊರಟ ಕಂದು ಗೆರೆ ಮಧ್ಯದ ಗೆಣ್ಣಿನಲ್ಲಿ ಎಡಕ್ಕೆ ಹೊರಳಿ, ತುದಿಯಲ್ಲಿ ಮತ್ತೆ ಮೇಲಕ್ಕೆ ಬಾಗಿರುವುದು ಎಲೆಗಳ ಸಂದಿಯಲ್ಲಿ ತೋರುತ್ತದೆ. ಗೆರೆಗೆ ಅಡ್ಡವಾಗಿ ನೋಡುವವರತ್ತ ಚಾಚಿದ ಒಂದು ಕವಲನ್ನು ಕತ್ತರಿಸಿ. ಕೆಳಮುಖವಾಗಿ ಜೋತ ನಾಲ್ಕು ಎಲೆಗಳನ್ನು ತೊಟ್ಟಿನ ಬುಡದಲ್ಲೇ ಚಿವುಟಿ. ಹೊರಳುವ ಗೆಣ್ಣಿನ ಮೇಲಿನ ಎರಡು ಎಲೆಗಳನ್ನೂ ತೆಗೆದ ಕ್ಷಣ ಆ ಬಾಗು ಪೂರ್ತಿಯಾಗಿ ತೆರೆದುಕೊಳ್ಳುತ್ತದೆ. ಹೊಸದಾಗಿ ಏನನ್ನೂ ಸೇರಿಸಿಲ್ಲ, ಮರೆಯಲ್ಲಿದ್ದುದು ಕಂಡಿದೆ.

ಇಲ್ಲಿ ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ: ಒಂದು ಎಲೆ ತೆಗೆದ ಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟು, ಒಂದು ಉಸಿರು ಪೂರ್ತಿ ಒಳಗೆ ತೆಗೆದುಕೊಂಡು ಬಿಟ್ಟು, ರೆಂಬೆಯನ್ನು ಮತ್ತೊಮ್ಮೆ ನೋಡಿ, ಆಮೇಲೆ ಮುಂದಿನ ಎಲೆ. ಕತ್ತರಿಸಿದ್ದು ಮರಳಿ ಅಂಟುವುದಿಲ್ಲವಾದ್ದರಿಂದ ಕೈ ತಾನಾಗಿ ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡ ಕೈಯ ಹಿಂದೆ ಮನಸ್ಸೂ ಬರುತ್ತದೆ. ಕಣ್ಣು ಮುಚ್ಚಿ ಉಸಿರು ಎಣಿಸುತ್ತ ಕೂರಲು ಆಗದವರಿಗೆ, ಕೈಗೆ ಕೆಲಸವಿಲ್ಲದೆ ಸುಮ್ಮನಿರಲು ಬಾರದವರಿಗೆ ಈ ದಾರಿ ಒಗ್ಗುತ್ತದೆ.

ಹುಳು ಕೊರೆದ ಒಂದು ಎಲೆಯೋ ಅರೆ ಒಣಗಿದ ತುದಿಯೋ ಕಂಡರೆ ಅದನ್ನು ಕೂಡಲೇ ಚಿವುಟಬೇಡಿ. ಅರಳಿದ ಹೂವಿನಷ್ಟೇ ಮೊಗ್ಗನ್ನೂ ಒಣಗಿದ ಎಲೆಯನ್ನೂ ಗೌರವಿಸುವುದು ಇಕೆನೊಬೋ ಪರಂಪರೆಯ ಬೋಧನೆಯ ಭಾಗವೇ ಆಗಿದೆ.

ಹಂತ 4: ಅಳತೆ

ವಿನ್ಯಾಸದಲ್ಲಿ ಮೂರು ಮುಖ್ಯ ಕಡ್ಡಿಗಳಿವೆ. ಅತಿ ಉದ್ದದ್ದು ‘ಶಿನ್’, ಎರಡನೆಯದು ‘ಸೊಎ’, ಚಿಕ್ಕದು ‘ಹಿಕಾಎ’. ಸಾಮಾನ್ಯವಾಗಿ ಮೊದಲೆರಡು ರೆಂಬೆಗಳು, ಮೂರನೆಯದು ಹೂವು. ಬೋಗುಣಿಯ ಅಗಲ ಮತ್ತು ಎತ್ತರವನ್ನು ಕೂಡಿಸಿ, ಅದರ ಒಂದೂವರೆ ಪಟ್ಟು ಉದ್ದಕ್ಕೆ ಶಿನ್ ಇರಲಿ. ಶಿನ್‌ನ ಮುಕ್ಕಾಲು ಭಾಗ ಸೊಎ, ಸೊಎಯ ಮುಕ್ಕಾಲು ಭಾಗ ಹಿಕಾಎ. ಉದಾಹರಣೆಗೆ ಬೋಗುಣಿ 24 ಸೆಂಟಿಮೀಟರ್ ಅಗಲ, 6 ಸೆಂಟಿಮೀಟರ್ ಎತ್ತರ ಇದ್ದರೆ ಮೊತ್ತ 30. ಆಗ ಶಿನ್ 45, ಸೊಎ ಸುಮಾರು 34, ಹಿಕಾಎ ಸುಮಾರು 25 ಸೆಂಟಿಮೀಟರ್ ಆಗುತ್ತದೆ. ಬಾಗಿದ ರೆಂಬೆಯನ್ನು ಅದರ ಬಾಗಿನ ಜೊತೆಗೇ ಟೇಪು ಹಿಡಿದು ಅಳೆಯಿರಿ. ಮೊದಲು ಎರಡು ಸೆಂಟಿಮೀಟರ್ ಹೆಚ್ಚಾಗಿಯೇ ಕತ್ತರಿಸಿಕೊಳ್ಳಿ, ಗಿಡ್ಡವಾದದ್ದಕ್ಕೆ ಪರಿಹಾರವಿಲ್ಲ.

ಹಂತ 5: ನಿಲ್ಲಿಸುವುದು

ಕೆನ್‌ಜಾನನ್ನು ಬೋಗುಣಿಯ ನಟ್ಟನಡುವೆ ಇಡದೆ, ಎಡಭಾಗದಲ್ಲಿ ಸ್ವಲ್ಪ ಮುಂದಕ್ಕೆ ಇಡಿ. ಬಲಗಡೆಯ ನೀರು ಖಾಲಿಯಾಗಿ ಕಾಣಲಿ. ಕೆಳಗೆ ತೆಳುವಾದ ರಬ್ಬರ್ ತುಂಡು ಹಾಕಿದರೆ ಪಾತ್ರೆಗೆ ಗೀರು ಬೀಳುವುದಿಲ್ಲ, ಕೆನ್‌ಜಾನ್ ಜಾರುವುದೂ ಇಲ್ಲ. ಮೊಳೆಗಳು ಮುಳುಗುವಷ್ಟು ನೀರು ಹಾಕಿ.

ಯಾವ ಕಡ್ಡಿಯನ್ನಾದರೂ ಮೊದಲು ನೇರವಾಗಿ ಒತ್ತಿ ಚುಚ್ಚಿ, ಗಟ್ಟಿಯಾಗಿ ನಿಂತ ಮೇಲೆಯೇ ಬುಡದ ಹತ್ತಿರ ಹಿಡಿದು ಬೇಕಾದ ಕಡೆಗೆ ಬಾಗಿಸಬೇಕು. ಮೊದಲೇ ಓರೆಯಾಗಿ ಚುಚ್ಚಿದರೆ ಎರಡೇ ನಿಮಿಷದಲ್ಲಿ ಬೀಳುತ್ತದೆ. ಗಟ್ಟಿ ರೆಂಬೆಯನ್ನು ಮೊಳೆಗಳ ಸಂದಿಯಲ್ಲಿ ಸಿಕ್ಕಿಸಬೇಕು, ಮೆದು ದಂಟನ್ನು ಅಡ್ಡಡ್ಡಲಾಗಿ ಕತ್ತರಿಸಿ ಮೊಳೆಯ ಮೇಲೆಯೇ ಊರಬೇಕು. ಹುಲ್ಲುಕಡ್ಡಿಯಂಥ ಸಪೂರ ದಂಟು ನಿಲ್ಲದಿದ್ದರೆ, ಬೇರೊಂದು ದಪ್ಪ ದಂಟಿನ ಸಣ್ಣ ತುಂಡನ್ನು ಅದರ ಬುಡಕ್ಕೆ ದಾರದಿಂದ ಕಟ್ಟಿ ಚುಚ್ಚಿ.

ಕೋನಗಳನ್ನು ನೆಟ್ಟಗೆ ನಿಂತ ಗೆರೆಯಿಂದ ಲೆಕ್ಕ ಹಾಕಿ. ಶಿನ್ ಅನ್ನು ಕೆನ್‌ಜಾನಿನ ಹಿಂಭಾಗದ ಎಡಗಡೆ ಚುಚ್ಚಿ, 10ರಿಂದ 15 ಡಿಗ್ರಿಯಷ್ಟು ಎಡ ಮುಂದಕ್ಕೆ ಓರೆ ಮಾಡಿ. ಸೊಎಯನ್ನು ಮುಂಭಾಗದ ಎಡಗಡೆ ಚುಚ್ಚಿ, 45 ಡಿಗ್ರಿಯಷ್ಟು ನಿಮ್ಮ ಎಡ ಭುಜದ ಕಡೆಗೆ ಬಾಗಿಸಿ. ಹಿಕಾಎಯನ್ನು ಮುಂಭಾಗದ ಬಲಗಡೆ ಚುಚ್ಚಿ, 75 ಡಿಗ್ರಿಯಷ್ಟು ಬಲ ಭುಜದ ಕಡೆಗೆ, ಬಹುತೇಕ ನೀರಿನ ಮೇಲೆ ಮಲಗುವಂತೆ ತನ್ನಿ. ಈ ಮುಂದಕ್ಕೆ ಬಾಗಿಸುವ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮೂರೂ ಕಡ್ಡಿಗಳು ಎಡ ಬಲಕ್ಕೆ ಮಾತ್ರ ಹರಡಿದರೆ ಜೋಡಣೆ ಬೀಸಣಿಗೆಯಂತೆ ಚಪ್ಪಟೆಯಾಗುತ್ತದೆ. ಮುಂದಕ್ಕೆ ಚಾಚಿದಾಗಲೇ ಅವುಗಳ ನಡುವೆ ಗಾಳಿಯಾಡುವ ಜಾಗ ಹುಟ್ಟುತ್ತದೆ. ಎದ್ದು ನಿಂತು ಮೇಲಿನಿಂದ ಒಮ್ಮೆ ನೋಡಿ: ಮೂರು ತುದಿಗಳು ಸಮವಲ್ಲದ ಒಂದು ತ್ರಿಕೋನವಾಗಿ ಕಂಡರೆ ಸರಿಯಾಗಿದೆ ಎಂದರ್ಥ.

ಹಂತ 6: ತುಂಬುವುದು, ಬಿಡುವುದು

ಮುಖ್ಯ ಕಡ್ಡಿಗಳಿಗೆ ಜೊತೆಯಾಗಿ ನಿಲ್ಲುವ ಪುಟ್ಟ ಕಡ್ಡಿಗಳಿಗೆ ‘ಜೂಶಿ’ ಎಂದು ಹೆಸರು. ಉಳಿದ ಎರಡು ಹೂಗಳನ್ನು ಹಿಕಾಎಗಿಂತ ಗಿಡ್ಡವಾಗಿ, ಒಂದರಷ್ಟು ಎತ್ತರಕ್ಕೆ ಇನ್ನೊಂದು ಬಾರದಂತೆ ಕತ್ತರಿಸಿ, ಅದರ ಹತ್ತಿರವೇ ಚುಚ್ಚಿ. ಒಂದು ಮೊಗ್ಗು, ಒಂದು ಅರೆ ಅರಳಿದ್ದು ಆದರೆ ಇನ್ನೂ ಚೆಂದ. ಕೆನ್‌ಜಾನಿನ ಮೊಳೆಗಳು ಎದುರಿನಿಂದ ಕಾಣದಂತೆ ಒಂದೆರಡು ಎಲೆಗಳನ್ನು ತಗ್ಗಿನಲ್ಲಿ ಇಡಬೇಕು; ಆದರೆ ಕಡ್ಡಿಗಳು ನೀರಿನಿಂದ ಮೇಲೇಳುವ ಜಾಗ, ಜಪಾನೀಯರು ‘ಮಿಜುಗಿವಾ’ ಎನ್ನುವ ಆ ನೀರಿನಂಚು, ಚೊಕ್ಕಟವಾಗಿರಲಿ. ಒಂದೇ ಬೇರಿನಿಂದ ಎಲ್ಲವೂ ಎದ್ದು ಬಂದಂತೆ ತೋರಬೇಕು.

ಈಗ ಮಧ್ಯದಲ್ಲಿ ಒಂದು ದೊಡ್ಡ ಖಾಲಿ ಜಾಗ ಕಾಣುತ್ತದೆ, ಕೈ ಅಲ್ಲಿಗೇ ಹೋಗುತ್ತದೆ. ದಯವಿಟ್ಟು ತಡೆಯಿರಿ. ಅದಕ್ಕೆ ‘ಮಾ’ ಎನ್ನುತ್ತಾರೆ. ಎರಡು ವಸ್ತುಗಳ ನಡುವಿನ, ಎರಡು ಸದ್ದುಗಳ ನಡುವಿನ ತೆರಪು ಎಂದು ಅರ್ಥ. ಸಂಗೀತ ಕೇಳುವವರಿಗೆ ಇದು ಬೇಗ ತಿಳಿಯುತ್ತದೆ: ಆಲಾಪದಲ್ಲಿ ಒಂದು ಸ್ವರ ಮುಗಿದು ಇನ್ನೊಂದು ಹುಟ್ಟುವ ಮೊದಲಿನ ನಿಲುಗಡೆಯನ್ನು ಗಾಯಕರು ಮರೆತು ಬಿಟ್ಟದ್ದಲ್ಲ, ಹಾಡಿದ್ದು. ಹೂವಿನ ರಾಶಿಯನ್ನೇ ಸಮೃದ್ಧಿ ಎಂದು ನೋಡಿ ಬೆಳೆದ ನಮ್ಮ ಕಣ್ಣಿಗೆ ಈ ಖಾಲಿತನ ಒಗ್ಗಲು ಕೆಲವು ವಾರ ಬೇಕು. ತುಂಬಲೇಬೇಕು ಎನಿಸಿದಾಗ ಐದು ನಿಮಿಷ ಎದ್ದು ಹೋಗಿ ಬನ್ನಿ. ಬಂದ ಮೇಲೆ ಸೇರಿಸುವ ಬದಲು ಇನ್ನೊಂದು ಎಲೆಯನ್ನು ತೆಗೆಯೋಣ ಎನಿಸುವುದೇ ಹೆಚ್ಚು.

ಇನ್ನು ಮೂರು ತಪ್ಪುಗಳನ್ನು ಈ ಹಂತದಲ್ಲಿ ನೋಡಿಕೊಳ್ಳಿ. ರೆಂಬೆಗಳು ಒಂದನ್ನೊಂದು ಅಡ್ಡಹಾಯ್ದಿದ್ದರೆ ಒಂದರ ಕವಲನ್ನು ತೆಗೆಯಿರಿ. ಹೂಗಳೆಲ್ಲ ಒಂದೇ ದಿಕ್ಕಿಗೆ ದಿಟ್ಟಿಸುತ್ತಿದ್ದರೆ ಒಂದನ್ನು ತುಸು ಮೇಲಕ್ಕೆ, ಒಂದನ್ನು ಪಕ್ಕಕ್ಕೆ ತಿರುಗಿಸಿ. ನೀರಿನೊಳಗೆ ಎಲೆ ಮುಳುಗಿದ್ದರೆ ಕೂಡಲೇ ತೆಗೆಯಿರಿ, ಅದು ಕೊಳೆತು ನೀರು ನಾರುತ್ತದೆ.

ಹಂತ 7: ಇಡುವುದು, ನೋಡಿಕೊಳ್ಳುವುದು

ಜಪಾನಿನ ಸಾಂಪ್ರದಾಯಿಕ ಮನೆಗಳಲ್ಲಿ ಇಂಥ ಜೋಡಣೆಯನ್ನಿಡಲು ‘ತೊಕೊನೊಮಾ’ ಎಂಬ ಗೂಡಿನಂಥ ಜಾಗವಿರುತ್ತದೆ. ನಮ್ಮಲ್ಲಿ ಫ್ಯಾನಿನ ಗಾಳಿ, ನೇರ ಬಿಸಿಲು ತಾಗದ ಒಂದು ಮೂಲೆ ಸಾಕು. ಬಾಳೆಹಣ್ಣು, ಮಾವಿನಹಣ್ಣಿನ ಬುಟ್ಟಿಯಿಂದ ದೂರವಿಡಿ. ಹಣ್ಣಾಗುವಾಗ ಹೊರಬರುವ ಎಥಿಲೀನ್ ಅನಿಲ ಅನೇಕ ಹೂಗಳನ್ನು ಬೇಗ ಮುಪ್ಪಾಗಿಸುತ್ತದೆ. ದಿನವೂ ಬೆಳಿಗ್ಗೆ ಒಂದು ಲೋಟದಿಂದ ಹಳೆಯ ನೀರನ್ನು ಮೊಗೆದು ಹೊಸ ನೀರು ಹಾಕಿ, ಎರಡು ನಿಮಿಷ ಎದುರಿಗೆ ಕೂತು ಹಿಂದಿನ ದಿನಕ್ಕಿಂತ ಏನು ಬದಲಾಗಿದೆ ಎಂದು ನೋಡಿ. ಮೊಗ್ಗು ಬಿರಿದಿರಬಹುದು, ರೆಂಬೆಯ ತುದಿ ಬೆಳಕಿನ ಕಡೆಗೆ ಹೊರಳಿರಬಹುದು.

ವಾರಕ್ಕೊಂದರಂತೆ ಇದೇ ವಿನ್ಯಾಸವನ್ನು ಏಳೆಂಟು ಸಲ ಮಾಡಿ, ಆಮೇಲಷ್ಟೇ ಬೇರೆಯದಕ್ಕೆ ಹೋಗಿ. ಆ ವೇಳೆಗೆ ಗುರುಗಳ ಕಣ್ಣು ಬೇಕೆನಿಸುತ್ತದೆ, ಅದು ಒಳ್ಳೆಯ ಲಕ್ಷಣ. ಬೆಂಗಳೂರಿನ ಸುತ್ತಮುತ್ತ ಇರುವವರು ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿನ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಅಲ್ಲಿನ ಇಕೆಬಾನಾ ಸ್ಪರ್ಧೆಯ ಜೋಡಣೆಗಳನ್ನು ನಿಧಾನವಾಗಿ ನೋಡಿ ಬರಬಹುದು. ಕಲಿಸುವವರ ಪರಿಚಯ ಅಲ್ಲಿ ಆದರೂ ಆಗಬಹುದು. ಕ್ಯೋಟೋಗೆ ಹೋಗುವವರು ರೊಕ್ಕಾಕುದೋ ದೇವಾಲಯವನ್ನು ತಪ್ಪಿಸಬೇಡಿ. ಪಕ್ಕದಲ್ಲೇ ಇಕೆನೊಬೋ ಪಂಥದ ಕೇಂದ್ರವಿದೆ.

ನಾಲ್ಕೈದು ದಿನದ ಮೇಲೆ ಹೂವು ಬಾಡುತ್ತದೆ, ರೆಂಬೆ ಇನ್ನೂ ಹಸಿರಾಗಿರುತ್ತದೆ. ಆಗ ಇಡೀ ಜೋಡಣೆಯನ್ನು ಒಮ್ಮೆಲೇ ಕಿತ್ತು ಬಿಸಾಡದೆ, ಜೋಡಿಸಿದ ಕ್ರಮಕ್ಕೆ ಹಿಂದುಮುಂದಾಗಿ ಒಂದೊಂದನ್ನೇ ತೆಗೆಯಿರಿ: ಮೊದಲು ಜೂಶಿ, ಆಮೇಲೆ ಹಿಕಾಎ, ಸೊಎ, ಕೊನೆಗೆ ಶಿನ್. ಚೆನ್ನಾಗಿರುವ ರೆಂಬೆಯ ಬುಡವನ್ನು ನೀರಿನೊಳಗೆ ಮತ್ತೆ ಕತ್ತರಿಸಿ, ಗಿಡ್ಡ ಮಾಡಿ ಒಂದು ಲೋಟದಲ್ಲಿಟ್ಟರೆ ಇನ್ನೊಂದು ವಾರ ಬಾಳುತ್ತದೆ. ಉಳಿದುದು ಗಿಡದ ಬುಡಕ್ಕೆ ಗೊಬ್ಬರವಾಗಲಿ. ಕೆನ್‌ಜಾನಿನ ಮೊಳೆಗಳ ಸಂದಿಯಲ್ಲಿ ಸಿಕ್ಕಿದ ನಾರನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ಬಾಗಿದ ಮೊಳೆಗಳಿದ್ದರೆ ಖಾಲಿ ಬಾಲ್‌ಪೆನ್ನಿನ ಲೋಹದ ಮೂತಿಯನ್ನು ತೊಡಿಸಿ ಮೆಲ್ಲಗೆ ನೆಟ್ಟಗೆ ಮಾಡಿ, ಬಟ್ಟೆಯ ಮೇಲೆ ಬೋರಲಾಗಿಟ್ಟು ಪೂರ್ತಿ ಒಣಗಿದ ಮೇಲೆ ಎತ್ತಿಡಿ.